ಸುಳ್ಳು ಬಿಲ್ಲನ್ನು ಮುಚ್ಚಲು ಸುಳ್ಳು ಚಲನ್ ಮಾಡಬೇಡಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಾವು ಅಣ್ಣತಮ್ಮಂದಿರು ಎರಕ ಮತ್ತು ಮಶಿನಿಂಗ್ ಕೆಲಸದ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತೇವೆ. ವರ್ಷದ ವಹಿವಾಟು 18 ಕೋಟಿ ರೂಪಾಯಿ. ಅರ್ಧಕ್ಕಿಂತ ಹೆಚ್ಚು ಕೆಲಸ ಒಂದೇ ಗಿರಾಕಿಯಿಂದ ಬರುತ್ತದೆ. ಅದು ಅಮೆರಿಕದ ಷೇರುಪೇಟೆಯಲ್ಲಿರುವ ಕಂಪನಿಯೊಂದರ ಭಾರತದ ಅಂಗಸಂಸ್ಥೆ. ಎರಡು ವರ್ಷಗಳ ಹಿಂದೆ ಅವರ ಖರೀದಿ ವಿಭಾಗದ ಮ್ಯಾನೇಜರ್, ತಮ್ಮ ಹೊಸ ಘಟಕದ ಅನುಮತಿ ಸರ್ಕಾರಿ ಕಚೇರಿಯೊಂದರಲ್ಲಿ ನಿಂತಿದೆ ಎಂದು ಹೇಳಿ, ನಮ್ಮಿಂದ 'ಪ್ಯಾಟರ್ನ್ ಮಾರ್ಪಾಡು' (ಎರಕದ ಅಚ್ಚಿನ ಮಾದರಿಯ ಬದಲಾವಣೆ) ಎಂದು 14 ಲಕ್ಷ ರೂಪಾಯಿಯ ಬಿಲ್ ಹಾಕಿಸಿಕೊಂಡರು. ಅದರಲ್ಲಿ 12 ಲಕ್ಷವನ್ನು ಅವರು ಹೇಳಿದ ಸಲಹೆಗಾರನಿಗೆ ಅಣ್ಣ ನಗದಾಗಿ ತಲುಪಿಸಿದರು. ನನಗೆ ತಿಳಿದದ್ದು ಆಮೇಲೆ. ನಗದಿಗೆ ಲೆಕ್ಕ ತೋರಿಸಲು ಕೂಲಿ ಖರ್ಚಿನ ವೋಚರ್‌ಗಳನ್ನು ಬರೆಯಲಾಗಿದೆ. ಈಗ ಗಿರಾಕಿ ಕಂಪನಿಯ ವಕೀಲರಿಂದ ಪತ್ರ ಬಂದಿದೆ: ಲಂಚದ ದೂರಿನ ಆಂತರಿಕ ತನಿಖೆ ನಡೆದಿದೆ, ಲೆಕ್ಕಪತ್ರ, ಇಮೇಲ್, ಮೊಬೈಲ್ ತೋರಿಸಿ, ಅಣ್ಣನನ್ನು ಭೇಟಿಗೆ ಕಳಿಸಿ ಎಂದು. ನಿಜವಾದ ಮಾಲಿನ 38 ಲಕ್ಷ ರೂಪಾಯಿ ಬಾಕಿಯನ್ನೂ ತಡೆದಿದ್ದಾರೆ. ಆ ಕೆಲಸ ನಡೆದಿತ್ತು ಎಂದು ತೋರಿಸುವ ಹಳೆಯ ದಿನಾಂಕದ ಚಲನ್ (ಮಾಲು ಕಳಿಸಿದ ಚೀಟಿ) ಒಂದನ್ನು ಮಾಡಿಟ್ಟರೆ ಮುಗಿಯಿತು ಎಂದು ನಮ್ಮ ಅಕೌಂಟಂಟ್ ಹೇಳುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ಆ ಚಲನ್ ಮಾಡಬೇಡಿ. ಈ ಉತ್ತರದಲ್ಲಿ ಉಳಿದದ್ದನ್ನು ನಾಳೆ ಓದಿದರೂ ನಡೆದೀತು. ಇದೊಂದನ್ನು ಮಾತ್ರ ಇಂದೇ ನಿಮ್ಮ ಅಕೌಂಟಂಟ್‌ಗೆ ಸ್ಪಷ್ಟವಾಗಿ ಹೇಳಿಬಿಡಿ. ಲಂಚದ ತನಿಖೆಗಳಲ್ಲಿ ಸಣ್ಣ ಕಾರ್ಖಾನೆಗಳನ್ನು ಮುಳುಗಿಸುವುದು ಕೈಬದಲಾದ ಹಣಕ್ಕಿಂತ ಹೆಚ್ಚಾಗಿ ಅದನ್ನು ಮುಚ್ಚಲು ಬರೆದ ಕಾಗದ. ನಿಮ್ಮ ಬಳಿ ಆಗಲೇ ಒಂದು ಸುಳ್ಳು ಬಿಲ್ ಇದೆ, ಒಂದು ಕಟ್ಟು ಸುಳ್ಳು ವೋಚರ್‌ಗಳಿವೆ. ಅವು ಎರಡು ವರ್ಷ ಹಳೆಯವು, ಬರೆಸಿದ್ದು ಇನ್ನೊಬ್ಬರ ಒತ್ತಾಯದಿಂದ ಎಂದು ಹೇಳಿಕೊಳ್ಳುವ ಅವಕಾಶವಾದರೂ ಇದೆ. ತನಿಖೆಯ ಪತ್ರ ಕೈಗೆ ಬಂದ ಮೇಲೆ ಹುಟ್ಟುವ ಚಲನ್‌ಗೆ ಆ ಸಮಾಧಾನ ಇರುವುದಿಲ್ಲ. ಸುಳ್ಳು ದಾಖಲೆ ಸೃಷ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆಯದೇ ಅಪರಾಧ. ಸಾಕ್ಷ್ಯವಾಗಿ ಹಾಜರುಪಡಿಸಬೇಕಾಗಿ ಬರುವ ಕಾಗದವನ್ನೋ ಕಂಪ್ಯೂಟರ್ ದಾಖಲೆಯನ್ನೋ ನಾಶ ಮಾಡುವುದು 241ನೇ ಕಲಂ ಪ್ರಕಾರ ಮೂರು ವರ್ಷದವರೆಗಿನ ಸಜೆಗೆ ದಾರಿ.

ಅದೂ ಅಲ್ಲದೆ, ಆ ಚಲನ್ ಒಂದು ದಿನವೂ ನಿಲ್ಲುವುದಿಲ್ಲ. ನಿಮ್ಮ ವಹಿವಾಟು 5 ಕೋಟಿ ದಾಟಿರುವುದರಿಂದ 2023ರ ಆಗಸ್ಟ್ 1ರಿಂದ ನಿಮಗೆ ಇ-ಇನ್‌ವಾಯ್ಸ್ ಕಡ್ಡಾಯ. ಆ ಬಿಲ್ಲಿನ ನೋಂದಣಿ ಸಂಖ್ಯೆ, ಅದು ಹುಟ್ಟಿದ ಗಂಟೆ ನಿಮಿಷ, ಎಲ್ಲವೂ ಸರ್ಕಾರದ ಪೋರ್ಟಲ್‌ನಲ್ಲಿ ಇವೆ; 24 ಗಂಟೆ ಕಳೆದರೆ ಅಲ್ಲಿ ರದ್ದು ಮಾಡಲೂ ಬರುವುದಿಲ್ಲ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ 2023ರ ಏಪ್ರಿಲ್ 1ರಿಂದ ತಿದ್ದುಪಡಿಯ ಜಾಡು ತಾನಾಗಿ ಉಳಿಯಬೇಕೆಂಬ ನಿಯಮವಿದೆ. ಯಾರು, ಯಾವ ದಿನ, ಹಳೆಯ ಯಾವ ನಮೂದನ್ನು ತೆರೆದು ಏನು ಬದಲಿಸಿದರು ಎಂಬುದನ್ನು ಟ್ಯಾಲಿ ಬರೆದಿಟ್ಟುಕೊಳ್ಳುತ್ತದೆ. ತನಿಖೆಗೆ ಬರುವವರು ಮೊದಲು ಕೇಳುವುದೇ ಆ ಜಾಡನ್ನು. ಅದನ್ನು ಬಂದ್ ಮಾಡಿಟ್ಟಿದ್ದರೆ ಬಂದ್ ಮಾಡಿದ್ದೇ ಪ್ರಶ್ನೆಯಾಗುತ್ತದೆ.

ಈಗ ಕಾನೂನಿನ ವಿಷಯ. ಬಹಳ ಜನ ಉದ್ಯಮಿಗಳು ಇಂದಿಗೂ, ಲಂಚ ತೆಗೆದುಕೊಂಡವನದು ತಪ್ಪು, ಅನಿವಾರ್ಯವಾಗಿ ಕೊಟ್ಟವನು ಸಾಕ್ಷಿದಾರ ಎಂದು ನಂಬಿದ್ದಾರೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 24ನೇ ಕಲಂ ಒಂದು ಕಾಲಕ್ಕೆ ಆ ನಂಬಿಕೆಗೆ ಆಧಾರವಾಗಿತ್ತು. 2018ರ ಜುಲೈ 26ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗಿನ 8ನೇ ಕಲಂ ಪ್ರಕಾರ ಕೊಡುವುದು ನೇರ ಅಪರಾಧ. ಏಳು ವರ್ಷದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. "ಅಧಿಕಾರಿಯ ಮುಖವನ್ನೇ ನೋಡಿಲ್ಲ, ಕೊಟ್ಟದ್ದು ಸಲಹೆಗಾರನಿಗೆ" ಎಂಬ ಮಾತು ಉಪಯೋಗಕ್ಕೆ ಬರುವುದಿಲ್ಲ. ಸರ್ಕಾರಿ ನೌಕರನನ್ನು ಪ್ರೇರೇಪಿಸುವ ಉದ್ದೇಶದಿಂದ ಯಾವ ವ್ಯಕ್ತಿಯ ಕೈಗೆ ಕೊಟ್ಟರೂ ಅಷ್ಟೇ ಎಂದು ಕಲಂ ಬಿಡಿಸಿ ಹೇಳಿದೆ. ಬಲವಂತಕ್ಕೆ ಒಳಗಾಗಿ ಕೊಟ್ಟವರಿಗೆ ಒಂದು ಬಾಗಿಲು ಇತ್ತು: ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅಪರಾಧವಿಲ್ಲ. ನಿಮ್ಮ ಮಟ್ಟಿಗೆ ಆ ಬಾಗಿಲು ಎರಡು ವರ್ಷದ ಹಿಂದೆಯೇ ಮುಚ್ಚಿದೆ. ಇದನ್ನು ಮೃದುವಾಗಿ ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ.

9ನೇ ಕಲಂ ಕಂಪನಿಗೆ ಸಂಬಂಧಿಸಿದ್ದು. ನೌಕರನಿರಲಿ, ಏಜೆಂಟನಿರಲಿ, ಕಂಪನಿಯ ಪರವಾಗಿ ಕೆಲಸ ಮಾಡುವ ಯಾರೇ ವ್ಯವಹಾರದ ಲಾಭಕ್ಕಾಗಿ ಲಂಚ ಕೊಟ್ಟರೂ ಕಂಪನಿಗೆ ದಂಡ ಬೀಳುತ್ತದೆ. ಅನುಮತಿಯ ಲಾಭ ಆದದ್ದು ಗಿರಾಕಿಗೆ. ಹಾಗಾಗಿ ಈ ಕಲಂನ ಮೊದಲ ಗುರಿ ಅವರು. ಆದರೆ ಕುಮ್ಮಕ್ಕಿಗೆ 12ನೇ ಕಲಂ ಇದೆ, ಮೇಲೆ ಹೇಳಿದ 8ನೆಯದು ಇದ್ದೇ ಇದೆ. ಕಂಪನಿಯ ಅಪರಾಧ ನಿರ್ದೇಶಕರ ಸಮ್ಮತಿಯಿಂದ ಅಥವಾ ಶಾಮೀಲಿನಿಂದ ನಡೆದದ್ದು ಸಾಬೀತಾದರೆ 10ನೇ ಕಲಂ ಪ್ರಕಾರ ಅವರಿಗೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಸಜೆ.

ಇಲ್ಲಿ ನಿಮ್ಮಿಬ್ಬರ ದಾರಿ ಬೇರೆಯಾಗುತ್ತದೆ. ಹೇಳಲು ಕಷ್ಟದ ಮಾತು, ಆದರೂ ಹೇಳಬೇಕು. ನಿಮಗೆ ತಿಳಿದದ್ದು ಆಮೇಲೆ ಎಂಬುದು ನಿಜವಾಗಿದ್ದರೆ, ಹಣ ಹೋದ ದಿನ ನಿಮ್ಮ ಸಮ್ಮತಿ ಇರಲಿಲ್ಲ. ಇತ್ತು ಎಂದು ತೋರಿಸುವ ಹೊಣೆ ಸರ್ಕಾರಿ ಪಕ್ಷದ್ದು. ಆದರೆ ಚೆಕ್ಕುಗಳ ಮೇಲೆ ಯಾರ ಸಹಿ ಇದೆ, ಆ ವಾರ ನಿಮ್ಮ ಮೊಬೈಲ್‌ಗೆ ಬಂದ ಸಂದೇಶದಲ್ಲಿ ಏನಿತ್ತು ಎಂಬುದನ್ನೆಲ್ಲ ಅವರು ನೋಡುತ್ತಾರೆ. ಈಗ ಅಣ್ಣನನ್ನು ಉಳಿಸಲು ಹೋಗಿ ಆ ಚಲನ್‌ಗೆ ನೀವು ಸಹಿ ಹಾಕಿದರೆ ಅಣ್ಣನೂ ಉಳಿಯುವುದಿಲ್ಲ, ನೀವೂ ಒಳಗೆ ಸಿಕ್ಕಿಕೊಳ್ಳುತ್ತೀರಿ. ಇಬ್ಬರೂ ಬೇರೆ ಬೇರೆ ವಕೀಲರನ್ನು ಇಟ್ಟುಕೊಳ್ಳಿ. ಇದು ಮನೆ ಒಡೆಯುವ ಮಾತಲ್ಲ. ಒಬ್ಬ ವಕೀಲ ಇಬ್ಬರ ಗುಟ್ಟನ್ನೂ ಹೊತ್ತು ಇಬ್ಬರ ಹಿತವನ್ನೂ ಕಾಯಲಾರ. ನಿಜವಾದ ವಕೀಲರು ಇದನ್ನು ತಾವಾಗಿಯೇ ಹೇಳುತ್ತಾರೆ.

ಬೆಳಗಾವಿಯಲ್ಲಿ ಕೊಟ್ಟ 12 ಲಕ್ಷಕ್ಕೆ ಅಮೆರಿಕದ ವಕೀಲರು ಏಕೆ ಬರುತ್ತಾರೆ ಎಂಬುದು ನಿಮಗೆ ಅರ್ಥವಾಗಬೇಕು. ಅವರ ವಿದೇಶಿ ಭ್ರಷ್ಟಾಚಾರ ತಡೆ ಕಾಯ್ದೆ 1977ರದು. ಅದಕ್ಕೆ ಎರಡು ಕಾಲು: ವಿದೇಶಿ ಅಧಿಕಾರಿಗೆ ಲಂಚ ಕೊಡಬಾರದು, ಮತ್ತು ಷೇರುಪೇಟೆಯಲ್ಲಿರುವ ಕಂಪನಿ ತನ್ನ ಅಂಗಸಂಸ್ಥೆಗಳ ಲೆಕ್ಕವನ್ನೂ ಸೇರಿಸಿ ಸತ್ಯವಾದ ಲೆಕ್ಕ ಇಡಬೇಕು. ಎರಡನೆಯದೇ ಹೆಚ್ಚು ಕಂಪನಿಗಳನ್ನು ಹಿಡಿದುಹಾಕಿದೆ. ಲಂಚ ಮುಟ್ಟಿದ್ದನ್ನು ಸಾಬೀತು ಮಾಡುವುದು ಕಷ್ಟ. ನಡೆಯದ ಕೆಲಸಕ್ಕೆ ಬಿಲ್ ಇರುವುದನ್ನು ತೋರಿಸುವುದು ಸುಲಭ.

ನಿಮ್ಮ ಪ್ರಕರಣವನ್ನೇ ಹೋಲುವ ಒಂದು ಪ್ರಕರಣ ಎಲ್ಲರ ಮುಂದಿದೆ. ಕಾಗ್ನಿಜೆಂಟ್ ಕಂಪನಿ ಚೆನ್ನೈನಲ್ಲಿ ಕಟ್ಟುತ್ತಿದ್ದ ಕ್ಯಾಂಪಸ್‌ಗೆ ಯೋಜನಾ ಅನುಮತಿ ಬೇಕಾಗಿತ್ತು. ಅಮೆರಿಕದ ಷೇರು ನಿಯಂತ್ರಣ ಆಯೋಗದ ಪ್ರಕಾರ, 2014ರಲ್ಲಿ ತಮಿಳುನಾಡಿನ ಅಧಿಕಾರಿಯೊಬ್ಬರಿಗೆ ಸುಮಾರು 20 ಲಕ್ಷ ಡಾಲರ್ ಲಂಚವನ್ನು ಕಟ್ಟಡದ ಗುತ್ತಿಗೆದಾರರ ಮೂಲಕ ಕೊಡಿಸಲು ಮೇಲಿನವರು ಒಪ್ಪಿಗೆ ಕೊಟ್ಟರು. ಗುತ್ತಿಗೆದಾರರಿಗೆ ಆ ಹಣವನ್ನು ಹೆಚ್ಚುವರಿ ಕಾಮಗಾರಿಯ ಸುಳ್ಳು ಬೇಡಿಕೆಗಳ ಹೆಸರಿನಲ್ಲಿ ಹಿಂದಿರುಗಿಸಲಾಯಿತು. ನಿಮ್ಮ 'ಪ್ಯಾಟರ್ನ್ ಮಾರ್ಪಾಡು' ಇದಕ್ಕಿಂತ ಬೇರೆಯಲ್ಲ. ವಿಷಯ ಆಡಳಿತ ಮಂಡಳಿಗೆ ತಿಳಿದ ಎರಡು ವಾರದೊಳಗೆ ಕಂಪನಿಯೇ ಹೋಗಿ ಅಮೆರಿಕದ ನ್ಯಾಯ ಇಲಾಖೆಗೆ ಹೇಳಿಕೊಂಡಿತು. 2019ರ ಫೆಬ್ರುವರಿಯಲ್ಲಿ ಸುಮಾರು 2.5 ಕೋಟಿ ಡಾಲರ್ ಕಟ್ಟಿ ಕಂಪನಿ ಕ್ರಿಮಿನಲ್ ಮೊಕದ್ದಮೆಯಿಂದ ಪಾರಾಯಿತು. ಇಬ್ಬರು ಮಾಜಿ ಹಿರಿಯ ಅಧಿಕಾರಿಗಳ ಮೇಲೆ ಮಾತ್ರ ದೋಷಾರೋಪ ಬಿತ್ತು. 2025ರಲ್ಲಿ ಅದನ್ನು ಕೈಬಿಡುವವರೆಗೆ ಆರು ವರ್ಷ ಅವರು ಅದನ್ನು ಹೊತ್ತು ತಿರುಗಿದರು. ನಮ್ಮ ರಾಜ್ಯದ್ದೇ ಬೇಕೆಂದರೆ ಅಮೆರಿಕದ ಮೂಗ್ ಕಂಪನಿಯ ಪ್ರಕರಣ: ಅದರ ಬೆಂಗಳೂರಿನ ಅಂಗಸಂಸ್ಥೆ ರೈಲ್ವೆ ಮತ್ತು ಎಚ್‌ಎಎಲ್ ಕೆಲಸಗಳಿಗಾಗಿ ಲಂಚ ಕೊಟ್ಟಿತೆಂಬ ಆರೋಪದಲ್ಲಿ 2024ರ ಅಕ್ಟೋಬರ್‌ನಲ್ಲಿ ಮೂಲ ಕಂಪನಿ ಸುಮಾರು 17 ಲಕ್ಷ ಡಾಲರ್ ಕಟ್ಟಿತು.

2025ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷರು ಈ ಕಾಯ್ದೆಯ ಜಾರಿಯನ್ನು 180 ದಿನ ತಡೆಹಿಡಿದ ಸುದ್ದಿಯನ್ನು ಓದಿ "ಅದೆಲ್ಲ ಈಗಿಲ್ಲ" ಎಂದು ಧೈರ್ಯ ಹೇಳುವವರು ನಿಮ್ಮ ಸುತ್ತ ಇರಬಹುದು. ಕಾಯ್ದೆ ರದ್ದಾಗಿಲ್ಲ, ಅದೇ ವರ್ಷದ ಜೂನ್‌ನಲ್ಲಿ ಹೊಸ ಮಾರ್ಗಸೂಚಿಯೊಂದಿಗೆ ಜಾರಿ ಮತ್ತೆ ಶುರುವಾಯಿತು. ನಿಮ್ಮ ಗಿರಾಕಿಯ ಲೆಕ್ಕ ಪರಿಶೋಧಕರಾಗಲಿ, ಷೇರುದಾರರಾಗಲಿ ರಾಜಕೀಯ ನೋಡಿ ಸುಮ್ಮನಾಗುವುದಿಲ್ಲ.

ಈ ಪ್ರಕರಣಗಳಿಂದ ನೀವು ಗಮನಿಸಬೇಕಾದದ್ದು ಇಷ್ಟು: ತಾನೇ ಹೋಗಿ ಹೇಳಿಕೊಂಡ ಕಂಪನಿಗೆ ಅಲ್ಲಿ ವಿನಾಯಿತಿ ಇದೆ. ಹೇಳಿಕೊಳ್ಳಲು ಅದಕ್ಕೆ ಪುರಾವೆ ಬೇಕು. ಆ ಪುರಾವೆ ನಿಮ್ಮ ಅಲಮಾರಿಯಲ್ಲಿದೆ. ಗಿರಾಕಿಯ ಜೊತೆ ಹದಿನೈದು ವರ್ಷದ ಸಂಬಂಧ ಇರಬಹುದು, ಬರುವ ವಕೀಲರು ಸೌಜನ್ಯದಿಂದ ಚಹಾ ಕುಡಿದು ಮಾತನಾಡಬಹುದು. ಅವರು ನಿಮ್ಮ ವಕೀಲರಲ್ಲ. ಅಣ್ಣ ಆ ಕೋಣೆಯಲ್ಲಿ ಹೇಳಿದ ಪ್ರತಿ ಮಾತನ್ನೂ ಅಮೆರಿಕದ ಸರ್ಕಾರಕ್ಕೆ ಕೊಡುವ ಹಕ್ಕು ಅವರ ಕಕ್ಷಿದಾರರದು. ಅಲ್ಲಿನ ರಾಜಿ ಇಲ್ಲಿ ನಿಮ್ಮನ್ನು ಕಾಯುವುದೂ ಇಲ್ಲ. ದಂಡ ಕಟ್ಟಿ ಷರತ್ತಿನ ಮೇಲೆ ಮೊಕದ್ದಮೆ ಮುಂದೂಡಿಸಿಕೊಳ್ಳುವ ಒಪ್ಪಂದ ಅಮೆರಿಕದಲ್ಲಿದೆ, ಬ್ರಿಟನ್ನಿನಲ್ಲಿದೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ನಮಗೆ ಅಂಥದ್ದು ಇಲ್ಲ. ಅಲ್ಲಿ ಪ್ರಕಟವಾದ ಆದೇಶದ ಪ್ರತಿಯನ್ನು ಹಿಡಿದು ಇಲ್ಲಿ ಲೋಕಾಯುಕ್ತ ಪೊಲೀಸರು ತನಿಖೆ ಆರಂಭಿಸಬಹುದು.

ಹಾಗೆಂದು ಪತ್ರಕ್ಕೆ ಬೆನ್ನು ತಿರುಗಿಸಿ ಕೂರಬೇಡಿ. ಖರೀದಿ ಆದೇಶದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಲೆಕ್ಕ ತಪಾಸಣೆಯ ಹಕ್ಕನ್ನು ನೀವು ಅವರಿಗೆ ಬರೆದುಕೊಟ್ಟಿರುವ ಸಾಧ್ಯತೆ ಬಹಳ. ಮೊದಲು ಅದನ್ನು ಓದಿ. ನಂತರ ಎರಡು ಸಾಲಿನ ಉತ್ತರ ಸಾಕು: ಪತ್ರ ತಲುಪಿದೆ, ಎಲ್ಲ ದಾಖಲೆಗಳನ್ನು ಇದ್ದಂತೆಯೇ ಕಾಯ್ದಿಟ್ಟಿದ್ದೇವೆ, ನಮ್ಮ ವಕೀಲರ ಸಲಹೆ ಪಡೆದು ಇಂಥ ದಿನದೊಳಗೆ ಉತ್ತರಿಸುತ್ತೇವೆ. ಕಾಯ್ದಿಟ್ಟಿದ್ದೇವೆ ಎಂದು ಬರೆಯುವ ಮೊದಲು ನಿಜವಾಗಿಯೂ ಕಾಯ್ದಿಡಿ. ಟ್ಯಾಲಿಯ ಪೂರ್ತಿ ಬ್ಯಾಕಪ್ ತೆಗೆದು ಮುಚ್ಚಿದ ಲಕೋಟೆಯಲ್ಲಿ ವಕೀಲರ ಬಳಿ ಇಡಿ. ವಾಟ್ಸಾಪ್‌ನಲ್ಲಿ ಸಂದೇಶ ತಾನಾಗಿ ಅಳಿಯುವ ಏರ್ಪಾಡಿದ್ದರೆ ಇಬ್ಬರೂ ಅದನ್ನು ನಿಲ್ಲಿಸಿ. ಮೊಬೈಲನ್ನು ಕೇಳಿದ ತಕ್ಷಣ ಕೈಗೆ ಕೊಡುವ ಅಗತ್ಯವಿಲ್ಲ. ಅದರಲ್ಲಿ ಮನೆಯವರ ಫೋಟೊ, ಬೇರೆ ಗಿರಾಕಿಗಳ ದರಪಟ್ಟಿ ಇರುತ್ತವೆ. ಈ ವ್ಯವಹಾರಕ್ಕೆ ಸಂಬಂಧಿಸಿದ್ದನ್ನು ಮಾತ್ರ, ನಿಮ್ಮ ವಕೀಲರ ಎದುರು, ಪ್ರತಿ ತೆಗೆಸಿಕೊಡಬಹುದು.

ಇನ್ನೊಂದು ಎಚ್ಚರಿಕೆ. ವಕೀಲರಿಗೆ ಹೇಳಿದ ಮಾತಿಗೆ ಸಾಕ್ಷ್ಯ ಅಧಿನಿಯಮದ ರಕ್ಷಣೆ ಇದೆ. ನನ್ನಂಥ ಲೆಕ್ಕ ಪರಿಶೋಧಕರಿಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ. ಆದ್ದರಿಂದ ಇಡೀ ಕಥೆಯನ್ನು ಮೊದಲು ಕ್ರಿಮಿನಲ್ ವಕೀಲರಿಗೆ ಹೇಳಿ. ಲೆಕ್ಕದವರು ಬೇಕಾದರೆ ಅವರೇ ಕರೆಯುತ್ತಾರೆ.

ಹಣದ ಲೆಕ್ಕಕ್ಕೆ ಬರೋಣ. ಲಂಚವಾಗಿ ಹೋದ ಹಣ ಯಾವ ಹೆಸರಿನಲ್ಲಿ ಬರೆದರೂ ವ್ಯವಹಾರದ ಖರ್ಚಲ್ಲ; 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಂನಲ್ಲಿ ಇದು ಬಹಳ ಹಿಂದಿನಿಂದ ಇದೆ, 2022ರಲ್ಲಿ ವಿದೇಶದ ಕಾನೂನಿನ ಉಲ್ಲಂಘನೆಗೂ ವಿಸ್ತರಿಸಿತು. ನೀವು ಕಂಪನಿ ತೆರಿಗೆಯ 22 ಪ್ರತಿಶತದ ದರ ಆಯ್ದುಕೊಂಡಿದ್ದರೆ, ಕೂಲಿ ಖರ್ಚೆಂದು ಲಾಭದಿಂದ ಕಳೆದ 12 ಲಕ್ಷಕ್ಕೆ ಸರ್‌ಚಾರ್ಜ್, ಸೆಸ್ ಸೇರಿ ಸುಮಾರು 3 ಲಕ್ಷ ತೆರಿಗೆ. ಇಲಾಖೆಯೇ ಹಿಡಿದರೆ, ಸುಳ್ಳು ನಮೂದಾದ್ದರಿಂದ ಅದರ ಇಮ್ಮಡಿ, 6 ಲಕ್ಷ ದಂಡ. ಮಾಲೂ ಇಲ್ಲದೆ ಕೆಲಸವೂ ಇಲ್ಲದೆ ಬಿಲ್ ಹಾಕಿದ್ದಕ್ಕೆ ಜಿಎಸ್‌ಟಿಯಲ್ಲಿ ತೆರಿಗೆಯಷ್ಟೇ ದಂಡ, ಅಂದರೆ 14 ಲಕ್ಷದ 18 ಪ್ರತಿಶತ, 2,52,000 ರೂಪಾಯಿ. ಬಡ್ಡಿ ಸೇರಿಸಿದರೆ ಮೊತ್ತ 12 ಲಕ್ಷವನ್ನು ದಾಟುತ್ತದೆ. ಇನ್ನೊಬ್ಬರ ಅನುಮತಿಗಾಗಿ, ನಿಮ್ಮ ಕೈಯಲ್ಲಿ ಉಳಿದ 2 ಲಕ್ಷಕ್ಕಾಗಿ.

ನೋಟಿಸ್ ಬರುವ ಮೊದಲು ನವೀಕೃತ (ಅಪ್‌ಡೇಟೆಡ್) ರಿಟರ್ನ್ ಸಲ್ಲಿಸಿ ಆ ಖರ್ಚನ್ನು ಹಿಂತೆಗೆದುಕೊಳ್ಳುವ ದಾರಿ ಇದೆ. ತೆರಿಗೆ ಮತ್ತು ಬಡ್ಡಿಯ ಮೇಲೆ, ತಡವಾದಷ್ಟೂ ಏರುತ್ತ 25ರಿಂದ 70 ಪ್ರತಿಶತದವರೆಗೆ ಹೆಚ್ಚುವರಿ ಕಟ್ಟಬೇಕು. ಆದರೆ ಅದು ತೆರಿಗೆಗಷ್ಟೇ ಮದ್ದು. ಅದೇ ಕಾಗದ ಭ್ರಷ್ಟಾಚಾರದ ಪ್ರಕರಣದಲ್ಲಿ ನಿಮ್ಮ ತಪ್ಪೊಪ್ಪಿಗೆಯಾಗಿ ಬರಬಹುದು. ಕ್ರಿಮಿನಲ್ ವಕೀಲರ ಒಪ್ಪಿಗೆ ಇಲ್ಲದೆ ಯಾವ ತೆರಿಗೆ ಸಲಹೆಗಾರರ ಮಾತು ಕೇಳಿಯೂ ಅದನ್ನು ಸಲ್ಲಿಸಬೇಡಿ.

ಲಂಚದ ಅಪರಾಧಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪಟ್ಟಿಯಲ್ಲೂ ಇವೆ. ಲಂಚ ಕೊಟ್ಟವನಿಗೂ ಆ ಕಾಯ್ದೆಯ ಬಿಸಿ ತಟ್ಟಬಹುದು ಎಂದು 2022ರ ಅಕ್ಟೋಬರ್‌ನಲ್ಲಿ ಪದ್ಮನಾಭನ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾರಿ ನಿರ್ದೇಶನಾಲಯ ಮೊದಲ ಹಂತದಲ್ಲಿ 180 ದಿನಗಳ ಮಟ್ಟಿಗೆ ಆಸ್ತಿ ಮುಟ್ಟುಗೋಲು ಹಾಕಿಕೊಳ್ಳಬಹುದು. ಈ ಗಾತ್ರದ ಪ್ರಕರಣಕ್ಕೆ ಅವರು ಬಂದೇ ಬರುತ್ತಾರೆ ಎಂದು ಹೆದರಿಸುವುದಿಲ್ಲ; ಬಂದರೆ ಅಲ್ಲಿ ಕೊಡುವ ಹೇಳಿಕೆ ಪೊಲೀಸರ ಮುಂದಿನ ಹೇಳಿಕೆಯಂತಲ್ಲ, ನೇರವಾಗಿ ಸಾಕ್ಷ್ಯವಾಗುತ್ತದೆ ಎಂಬುದು ನೆನಪಿರಲಿ. ಮಶೀನುಗಳು ಬ್ಯಾಂಕಿಗೆ ಅಡಮಾನವಾಗಿದ್ದರೆ ಕ್ಯಾಶ್ ಕ್ರೆಡಿಟ್ ಕರಾರಿನಲ್ಲಿ ಕ್ರಿಮಿನಲ್ ಪ್ರಕರಣವನ್ನು ತಿಳಿಸಬೇಕೆಂಬ ಷರತ್ತು ಇದೆಯೇ ನೋಡಿ. ನೀರಿನ ಯೋಜನೆಗಳಿಗೆ ವಾಲ್ವ್ ಎರಕ ಕೊಡುತ್ತಿದ್ದರೆ ಕಪ್ಪುಪಟ್ಟಿಯ ಆತಂಕವೂ ಇರುತ್ತದೆ. ಬೆಳಗಾವಿಯ ನಿರಂತರ ನೀರು ಯೋಜನೆಯಂಥವುಗಳಿಗೆ ಸಾಲ ಕೊಟ್ಟಿರುವ ವಿಶ್ವ ಬ್ಯಾಂಕ್ ಒಬ್ಬರನ್ನು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿಟ್ಟರೆ, 2010ರ ಒಪ್ಪಂದದಂತೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸೇರಿ ಇತರ ನಾಲ್ಕು ಬ್ಯಾಂಕುಗಳೂ ಹೊರಗಿಡಬಹುದು.

ತಡೆದ 38 ಲಕ್ಷದ ವಿಷಯದಲ್ಲಿ ಮಾತ್ರ ತಲೆ ತಗ್ಗಿಸಬೇಡಿ. ಅದು ನೀವು ಕರಗಿಸಿ, ಎರೆದು, ಕೊರೆದು ಕಳಿಸಿದ ಮಾಲಿನ ಹಣ. ನೀವು ನೋಂದಾಯಿತ ಸಣ್ಣ ಉದ್ಯಮವಾಗಿದ್ದರೆ ಒಪ್ಪಿಕೊಂಡ ಮಾಲಿಗೆ 45 ದಿನದೊಳಗೆ ಹಣ ಬರಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯೆಂದು ಸಣ್ಣ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. ಇ-ವೇ ಬಿಲ್, ಗೇಟ್ ಪಾಸ್, ಅವರ ಸ್ವೀಕೃತಿ ಇರುವ ಬಿಲ್ಲುಗಳನ್ನಷ್ಟೇ ಪ್ರತ್ಯೇಕ ಪಟ್ಟಿ ಮಾಡಿ ಬೇರೆ ಪತ್ರದಲ್ಲಿ ಕೇಳಿ. ಆ 14 ಲಕ್ಷದ ಬಿಲ್ಲಿನ ಸುಳಿವೂ ಆ ಪತ್ರದಲ್ಲಿ ಇರಕೂಡದು. "ತನಿಖೆಗೆ ಸಹಕರಿಸುತ್ತೇವೆ, ಹಣ ಬಿಡಿ" ಎಂಬ ಚೌಕಾಸಿಯ ಭಾಷೆಯೂ ಬೇಡ.

ಆ ವೋಚರ್‌ಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಅದೇ. ಇಂಥ ಕಟ್ಟುಗಳು ಹೇಗಿರುತ್ತವೆಂದು ನಾನು ಬಲ್ಲೆ. ದಿನಕ್ಕೆ ಒಬ್ಬರಿಗೆ 10,000 ದಾಟಿ ನಗದು ಕೊಟ್ಟರೆ ಖರ್ಚು ತಳ್ಳಿಹಾಕುತ್ತಾರೆಂದು ಪ್ರತಿ ವೋಚರ್ 9,500, 9,800. ಎಲ್ಲದರಲ್ಲೂ ಒಂದೇ ಕೈಬರಹ, ಒಂದೇ ಪೆನ್ನು. ರೆವಿನ್ಯೂ ಸ್ಟ್ಯಾಂಪಿನ ಮೇಲೆ ಒಂದೇ ಹೆಬ್ಬೆರಳು ನಾಲ್ಕು ಹೆಸರಿಗೆ. ಕೆಲವು ದಿನಾಂಕಗಳು ಕಾರ್ಖಾನೆ ಮುಚ್ಚಿದ ವಾರದ ರಜೆಯವು. ಹಾಜರಿ ಪುಸ್ತಕವನ್ನೂ ಭವಿಷ್ಯ ನಿಧಿಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟರೆ ಅರ್ಧ ದಿನದಲ್ಲಿ ಎಲ್ಲ ಬಯಲಾಗುತ್ತದೆ. ಆಗ ಸಮನ್ಸ್ ಹೋಗುವುದು ಮೋಲ್ಡಿಂಗ್ ವಿಭಾಗದಲ್ಲಿ ದಿನವಿಡೀ ಮರಳಿನಲ್ಲಿ ನಿಂತು ದುಡಿಯುವ ಮನುಷ್ಯನಿಗೆ. ತನ್ನ ಹೆಸರಿನಲ್ಲಿ ತಾನೆಂದೂ ಕಾಣದ ಹಣ ಬರೆದಿದ್ದಾರೆಂದು ಅವನು ತಿಳಿಯುವುದು ಪೊಲೀಸ್ ಠಾಣೆಯಲ್ಲಿ. ನಿಮ್ಮನ್ನು ನಂಬಿ ಬೆವರು ಸುರಿಸಿದವರ ಹೆಸರನ್ನು ಇದಕ್ಕೆ ಬಳಸಿದ್ದು ತಪ್ಪು, ಕಾನೂನನ್ನು ಬದಿಗಿಟ್ಟರೂ ತಪ್ಪು. ಈಗ ಅವರನ್ನು ಕರೆದು "ಹೀಗೆ ಹೇಳಿ" ಎಂದು ಪಾಠ ಮಾಡಬೇಡಿ. ಸಾಕ್ಷಿಗಳ ಮೇಲೆ ಒತ್ತಡ ಹಾಕಿದ ಆರೋಪ ಒಂದೇ ಜಾಮೀನು ಸಿಗದಂತೆ ಮಾಡಬಲ್ಲದು. ಯಾರಾದರೂ ಕೇಳಿದರೆ ನಿಜ ಹೇಳುವ ಸ್ವಾತಂತ್ರ್ಯ ಅವರಿಗೆ ಇರಲಿ.

ಮುಂದಿನ ದಾರಿ ಯಾವುದು? ನಿರ್ಧಾರ ನಿಮ್ಮ ಅಣ್ಣ ಮತ್ತು ಅವರ ವಕೀಲರದು, ಆದರೆ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಗಿರಾಕಿ ಹೇಳುವ ಮೊದಲೇ ತಾವಾಗಿ ಲೋಕಾಯುಕ್ತ ಪೊಲೀಸರ ಮುಂದೆ ಹೋಗಿ ಪೂರ್ತಿ ಸತ್ಯ ಹೇಳುವುದರಲ್ಲಿ ಹೆಚ್ಚು ಉಳಿವು ಇದೆ. ವಿಶೇಷ ನ್ಯಾಯಾಧೀಶರು ಕ್ಷಮಾದಾನ ಕೊಟ್ಟು ಮಾಫಿಸಾಕ್ಷಿಯಾಗಿ ಸ್ವೀಕರಿಸಲು ಭ್ರಷ್ಟಾಚಾರ ತಡೆ ಕಾಯ್ದೆಯ 5ನೇ ಕಲಂನಲ್ಲಿ ಅವಕಾಶವಿದೆ. ಷರತ್ತು ಒಂದೇ, ಏನನ್ನೂ ಮರೆಮಾಚದೆ ಹೇಳುವುದು. ಕೇಳಿದ ಅಧಿಕಾರಿ, ಹೇಳಿದ ಮ್ಯಾನೇಜರ್, ಒಯ್ದ ಸಲಹೆಗಾರ ಇವರೆಲ್ಲರನ್ನು ಜೋಡಿಸಬಲ್ಲವರು ನಿಮ್ಮ ಅಣ್ಣ ಒಬ್ಬರೇ ಆಗಿದ್ದರೆ ಅವರ ಮಾತಿಗೆ ತೂಕವಿದೆ. ಕ್ಷಮಾದಾನ ಹಕ್ಕಲ್ಲ, ಸಿಗದೆಯೂ ಹೋಗಬಹುದು. ಆದ್ದರಿಂದ ನಿರೀಕ್ಷಣಾ ಜಾಮೀನಿನ ತಯಾರಿ ಇಟ್ಟುಕೊಂಡೇ ಹೆಜ್ಜೆ ಇಡಬೇಕು. ಜಿಲ್ಲಾ ನ್ಯಾಯಾಲಯದಲ್ಲಿ ಆಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕಾದೀತು. ಇದನ್ನೆಲ್ಲ ಬಲ್ಲ ವಕೀಲರನ್ನು ಗಿರಾಕಿಯ ಭೇಟಿಗೆ ಮೊದಲು ಕಾಣಿ.

ಆ ಸಲಹೆಗಾರ ಮತ್ತು ಆ ಮ್ಯಾನೇಜರ್ ಈ ವಾರ ನಿಮಗೆ ಫೋನ್ ಮಾಡುತ್ತಾರೆ, ಅಥವಾ ಆಗಲೇ ಮಾಡಿರುತ್ತಾರೆ: ಒಂದೇ ಮಾತು ಹೇಳೋಣ, ಎಲ್ಲಾದರೂ ಕೂತು ಮಾತಾಡೋಣ ಎಂದು. ಭೇಟಿಯಾಗಬೇಡಿ. ನಮ್ಮ ವಕೀಲರ ಮೂಲಕ ಮಾತನಾಡಿ ಎಂದಷ್ಟೇ ಹೇಳಿ ಫೋನ್ ಇಡಿ. ಕರೆ ಬಂದ ದಿನ, ಸಮಯ, ಅವರು ಆಡಿದ ಮಾತನ್ನು ಅಂದೇ ಬರೆದು ಆ ಹಾಳೆಯನ್ನು ವಕೀಲರಿಗೆ ತಲುಪಿಸಿ.